ಮುಳುಗಿತೋ, ಮುಳುಗಿಸಿದರೋ

ಅಪ್ಪನ ಬದುಕಿನಲ್ಲಿ ಅಪ್ಪನಿಗೇ ಗೊತ್ತಿಲ್ಲದ ಕೆಲವು ದಿನಗಳಿದ್ದವು. ಕಳೆದ ವರ್ಷ ಮರಳೂರಿನ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಗೆ ಒರಗಿದವರು ಹಾಗೆಯೇ ತೀರಿಕೊಂಡಾಗ, ಬಂದವರೆಲ್ಲ ಅವರ ನೌಕಾಪಡೆಯ ಬದುಕಿನ ಕುರಿತು ತಮಗೆ ತಿಳಿದದ್ದನ್ನು ಹೇಳಿದರು. ಒಬ್ಬರು ಅವರ ಬಿಳಿಯ ಸಮವಸ್ತ್ರವನ್ನು ನೆನೆದರು. ಇನ್ನೊಬ್ಬರು, ನಿವೃತ್ತರಾದ ಮೇಲೂ ಅವರು ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದುದನ್ನು ಹೇಳಿ ಸಣ್ಣಗೆ ನಕ್ಕರು. ಅಮ್ಮ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ತಾನಾಗಿ ಏನನ್ನೂ ಸೇರಿಸಲಿಲ್ಲ. ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಒಮ್ಮೆ ನಮ್ಮ ಮನೆಯವರ ಪಾಲಿಗೆ ಸತ್ತುಹೋಗಿದ್ದರು. ಹಾಗೆಂದು ಒಪ್ಪದೆ ನಿಂತವಳು ಅಮ್ಮ ಒಬ್ಬಳೇ. ಆ ಸಂಗತಿಯನ್ನು ಅಪ್ಪನಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ. ಈಗ ಅವರಿಲ್ಲವಾದುದರಿಂದ, ಅಮ್ಮನ ಒಪ್ಪಿಗೆ ಪಡೆದು, ಬರೆಯುತ್ತಿದ್ದೇನೆ.

ಆಗ ನಾವು ತುಮಕೂರಿನ ಹಳೆಯ ಬೀದಿಯೊಂದರಲ್ಲಿ ಬಾಡಿಗೆಗೆ ಇದ್ದೆವು. ಬೀದಿಗೆ ತೆರೆದುಕೊಳ್ಳುವ ಪಡಸಾಲೆ, ಅದರ ಹಿಂದೆ ಬೆಳಕು ಕಡಿಮೆಯಾದ ನಡುಮನೆ, ಪಕ್ಕದ ಓಣಿಯ ಕಡೆಗೆ ಕಿಟಕಿಯಿದ್ದ ಅಡುಗೆಮನೆ, ಹಿತ್ತಿಲಿಗೆ ಅಂಟಿಕೊಂಡ ಬಚ್ಚಲು. ಅಪ್ಪ ವಿಶಾಖಪಟ್ಟಣದಲ್ಲಿ ಜಲಾಂತರ್ಗಾಮಿಯೊಂದರ ಅಧಿಕಾರಿ. ಅಲ್ಲಿ ಸಂಸಾರಕ್ಕೆ ಮನೆ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಅಮ್ಮ ಮತ್ತು ನಾನು ಇಲ್ಲಿಯೇ ಉಳಿದಿದ್ದೆವು. ರಜೆಗೆ ಬಂದಾಗ ಅಪ್ಪ ಹಾಸಿಗೆಯ ಹೊದಿಕೆಯನ್ನು ನಾಲ್ಕೂ ಮೂಲೆ ಸರಿಯಾಗಿ ಕೂಡುವಂತೆ ಮಡಿಸುತ್ತಿದ್ದರು. ಚಪ್ಪಲಿಗಳನ್ನು ಗೋಡೆಗೆ ಸಮಾನಾಂತರವಾಗಿ ಇಡದಿದ್ದರೆ ಊಟದ ನಡುವೆಯೇ ಎದ್ದುಹೋಗಿ ಸರಿಪಡಿಸುತ್ತಿದ್ದರು. ಅವರ ಬಟ್ಟೆಗಳನ್ನು ಎಷ್ಟು ಒಗೆದರೂ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ಒಂದು ರಜೆಯಲ್ಲಿ, ನಿಮ್ಮ ಹಡಗು ನೀರಿನೊಳಗೆ ಹೋಗಿ ಮತ್ತೆ ಮೇಲೆ ಬರುವುದು ಹೇಗೆ ಎಂದು ನಾನು ಕೇಳಿದೆ. ಅವರು ಬಚ್ಚಲಿನ ಬಕೆಟ್ಟಿನಲ್ಲಿ ಅಲ್ಯೂಮಿನಿಯಂ ಲೋಟವೊಂದನ್ನು ಬೋರಲಾಗಿ ಹಿಡಿದು, ಓರೆ ಮಾಡಿ, ಒಳಗಿನ ಗಾಳಿ ಗುಳುಗುಳು ಎಂದು ಹೊರಬರುವಂತೆ ಮಾಡಿದರು. ಲೋಟ ತಳ ಸೇರಿತು. ಬಳಿಕ ಪರಂಗಿ ಎಲೆಯ ಟೊಳ್ಳು ದಂಟಿನಿಂದ ಅದರೊಳಗೆ ಗಾಳಿ ಊದಿ ಮೇಲೆ ತಂದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಾಗಾದರೆ ಹಡಗು ಮುಳುಗುತ್ತದೆ ಎಂದಾಯಿತಲ್ಲ ಎಂದು ನಾನು ಕೇಳಿದ್ದಕ್ಕೆ ಅಪ್ಪ ತಲೆಯಾಡಿಸಿದರು.

"ಮುಳುಗೋದು ಬೇರೆ, ಮುಳುಗಿಸೋದು ಬೇರೆ ಕಣಮ್ಮ. ತೂತು ಬಿದ್ದ ದೋಣಿ ಮುಳುಗ್ತದೆ. ನಮ್ದನ್ನ ನಾವೇ ಮುಳುಗಿಸ್ತೀವಿ, ನಾವೇ ಎತ್ತುತೀವಿ."

ತಾತ ತೀರಿಕೊಂಡ ದಿನ ಪ್ರತಿವರ್ಷ ನಮ್ಮ ಮನೆಯಲ್ಲಿ ಅವರ ಹೆಸರಿನಲ್ಲಿ ಎಡೆ ಇಡುವುದು ವಾಡಿಕೆ. ಹಿರಿಯ ಮಗನಾದ ಅಪ್ಪ ಆ ವರ್ಷ ರಜೆ ಪಡೆದು ಬರುವುದಾಗಿ ತಿಳಿಸಿದ್ದರು. ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಮತ್ತು ಅಪ್ಪನ ತಮ್ಮನಾದ ರುದ್ರೇಶ ಚಿಕ್ಕಪ್ಪ ಗುಬ್ಬಿಯಿಂದ ಹಿಂದಿನ ದಿನವೇ ಬಂದಿದ್ದರು. ಸಂಜೆಯ ರೈಲಿಗೆ ಅಪ್ಪ ಬರಲಿಲ್ಲ, ಬೆಳಗಿನ ರೈಲಿಗೂ ಬರಲಿಲ್ಲ. ಆದರೂ ಅಡುಗೆ ನಡೆಯಿತು. ಅಜ್ಜಿ ಕಡುಬು ಬೇಯಿಸಿದಳು, ಅಮ್ಮ ತಾತನಿಗೆ ಪ್ರಿಯವಾದ ಅವರೆಬೇಳೆ ಸಾರು ಮಾಡಿದಳು. ನಡುಮನೆಯಲ್ಲಿ ತಾತನ ಪಟದ ಮುಂದೆ ಬಾಳೆಯೆಲೆ ಹಾಸಿ ಅಪ್ಪನ ದಾರಿ ಕಾಯುತ್ತಿದ್ದೆವು. ಮಧ್ಯಾಹ್ನ ಎದುರುಮನೆಯ ಮಹದೇವಪ್ಪನವರು ಪಡಸಾಲೆಯ ಮೆಟ್ಟಿಲಿನ ಮೇಲೆ ಬಂದು ನಿಂತರು. ಅವರು ಕೊಬ್ಬರಿ ವ್ಯಾಪಾರಿ. ನಮ್ಮ ಬೀದಿಯಲ್ಲಿ ಟೆಲಿಫೋನ್ ಇದ್ದದ್ದು ಅವರ ಮಂಡಿಯಲ್ಲಿ ಮಾತ್ರ. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಅವರು ಹೇಳಿದ ಮಾತು ಇಷ್ಟೇ:

"ಗಿರಿಜಮ್ಮೋರೆ, ವಿಶಾಖಪಟ್ಟಣದಿಂದ ಫೋನ್ ಬಂದಿತ್ತು. ಯಜಮಾನ್ರ ಹಡಗು ಮುಳುಗೈತಂತೆ. ಬರಾಕಾಗಲ್ವಂತೆ."

ಅಜ್ಜಿ ನಡುಮನೆಯಲ್ಲಿದ್ದಳು. ಅವಳು ಅಳಲಿಲ್ಲ, ಯಾರನ್ನೂ ಏನನ್ನೂ ಕೇಳಲಿಲ್ಲ. ಕೈಯಲ್ಲಿದ್ದ ಸೌಟನ್ನು ನೆಲದ ಮೇಲಿಟ್ಟು ನೇರವಾಗಿ ಬಚ್ಚಲಿಗೆ ಹೋದಳು. ಉಟ್ಟ ಸೀರೆಯಲ್ಲಿಯೇ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ನಮಗೆಲ್ಲ ಕೇಳಿಸಿತು. ನಮ್ಮಲ್ಲಿ ಹತ್ತಿರದವರ ಸಾವಿನ ಸುದ್ದಿ ಕಿವಿಗೆ ಬಿದ್ದೊಡನೆ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಹಾಕಿಕೊಂಡರೆಂದರೆ ಸುದ್ದಿಯನ್ನು ಒಪ್ಪಿಕೊಂಡರು ಎಂದೇ ಅರ್ಥ. ಅಜ್ಜಿಯ ಹಿಂದೆಯೇ ಚಿಕ್ಕಪ್ಪ ಹೋದರು. ಅಮ್ಮ ಮಾತ್ರ ಹೊಸಿಲು ಬಿಟ್ಟು ಕದಲಲಿಲ್ಲ.

"ಮುಳುಗಿದೆ ಅಂದ್ರಾ, ಮುಳುಗಿಸಿದಾರೆ ಅಂದ್ರಾ?"

"ಅದ್ರಲ್ಲೇನ್ ವ್ಯತ್ಯಾಸ ತಾಯಿ? ನೀರೊಳಗೆ ಹೋಗೈತೆ ಅಂತ."

"ಅವ್ರು ಯಾವ ಭಾಷೇಲಿ ಹೇಳಿದ್ರು?"

"ಹಿಂದಿ, ಇಂಗ್ಲಿಷು, ಎರಡೂ ಬೆರಕೆ. ಲೈನ್ ಬೇರೆ ಕರಕರ ಅಂತಿತ್ತು. ನಂಗೆ ಬರೋ ಹಿಂದಿ ಕೊಬ್ಬರಿ ಮಾರೋವಷ್ಟು. ಅರ್ಥ ಆಗಿದ್ದು ಅಷ್ಟೇ ಕಣವ್ವ."

‘ಮುಳುಗು’ ಎಂಬುದು ಅಕರ್ಮಕ ಧಾತು. ಅದಕ್ಕೆ ‘ಇಸು’ ಪ್ರತ್ಯಯ ಸೇರಿದರೆ ಆ ಕೆಲಸವನ್ನು ಮಾಡಿಸುವ ಕರ್ತೃವೊಬ್ಬನು ವಾಕ್ಯದೊಳಗೆ ಬಂದು ನಿಲ್ಲುತ್ತಾನೆ. ಮುಂದೆ ನಾನು ಕನ್ನಡ ಟೀಚರಾಗಿ ಶಾಲೆಯಲ್ಲಿ ಪ್ರೇರಣಾರ್ಥಕ ಕ್ರಿಯಾಪದಗಳನ್ನು ಪಾಠ ಮಾಡುವಾಗ, ಈ ಎರಡಕ್ಷರಕ್ಕೆ ಟೀಚರ್ ಇಷ್ಟು ಹಟ ಹಿಡಿಯುತ್ತಾರೇಕೆ ಎಂದು ಮಕ್ಕಳು ಗೊಣಗುತ್ತಿದ್ದರು. ನಾನು ವ್ಯಾಕರಣವನ್ನು ಮೊದಲು ಕಲಿತದ್ದು ಆ ಹೊಸಿಲಿನ ಮೇಲೆ. ಹಡಗು ಮುಳುಗಿದ್ದರೆ ಅಪ್ಪ ಇರಲಿಲ್ಲ. ಹಡಗನ್ನು ಮುಳುಗಿಸಿದ್ದರೆ ಮುಳುಗಿಸಿದವರಲ್ಲಿ ಅಪ್ಪನೂ ಒಬ್ಬರು. ಕರೆ ಮಾಡಿದವನು ಯಾವುದನ್ನು ಹೇಳಿದ್ದನೆಂಬುದು ಮಹದೇವಪ್ಪನವರ ಕಿವಿಯಲ್ಲಿ ಕಳೆದುಹೋಗಿತ್ತು. ಅಮ್ಮನಿಗೆ ಉಳಿದದ್ದು ಆ ಸಂದೇಹವೊಂದೇ. ಅದನ್ನು ಅವಳು ಬಿಡಲಿಲ್ಲ.

ಒದ್ದೆ ಬಟ್ಟೆಯಲ್ಲಿಯೇ ಬಂದ ಚಿಕ್ಕಪ್ಪ ಮಂಡಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ, ಸಂಜೆಯವರೆಗೆ ಕಾದು, ನೌಕಾನೆಲೆಯಲ್ಲಿ ಯಾರೋ ಒಬ್ಬರೊಡನೆ ಮಾತನಾಡಿದರು. ಹಡಗುಗಳು ಎಲ್ಲಿವೆ, ಹೇಗಿವೆ ಎಂಬುದನ್ನು ಫೋನಿನಲ್ಲಿ ಹೇಳುವಂತಿಲ್ಲ ಎಂಬ ಉತ್ತರ ಬಂತು. ಆ ಒಂದೇ ವಾಕ್ಯವನ್ನು ನಮ್ಮ ಮನೆ ಎರಡು ಬಗೆಯಾಗಿ ಅರ್ಥೈಸಿತು. ಏನೂ ಆಗಿಲ್ಲದಿದ್ದರೆ ಚೆನ್ನಾಗಿದ್ದಾರೆ ಎಂದು ಒಂದು ಮಾತು ಹೇಳಲು ಏನು ಅಡ್ಡಿ ಎಂಬುದು ಚಿಕ್ಕಪ್ಪನ ವಾದ. ಆಗಬಾರದ್ದು ಆಗಿದ್ದರೆ ಸಮವಸ್ತ್ರದವರು ಮನೆಬಾಗಿಲಿಗೆ ಬಂದು ತಿಳಿಸುತ್ತಾರೆಯೇ ಹೊರತು ಕೊಬ್ಬರಿ ಮಂಡಿಗೆ ಫೋನ್ ಮಾಡುವುದಿಲ್ಲ ಎಂಬುದು ಅಮ್ಮನ ವಾದ. ಅಜ್ಜಿ ವಾದಕ್ಕೇ ಇಳಿಯಲಿಲ್ಲ. ಸೂತಕದ ಮನೆಯಲ್ಲಿ ಎಡೆ ಇಡುವಂತಿಲ್ಲ ಎಂದು ಹೇಳಿ, ತಾತನ ಪಟದ ಮುಂದಿನ ಬಾಳೆಯೆಲೆಯನ್ನು ತಾನೇ ಮಡಿಸಿ ಎತ್ತಿದಳು.

ಅಮ್ಮ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸಾವಾದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಸೂತಕ ಕಳೆಯುವವರೆಗೆ ನೆಂಟರು ತಂದ ಅನ್ನವನ್ನು, ಒಗ್ಗರಣೆಯಿಲ್ಲದ ಸಪ್ಪೆ ಸಾರನ್ನು ಉಣ್ಣುತ್ತಾರೆ. ಅಮ್ಮ ಕಬ್ಬಿಣದ ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಹಾಕಿದಳು. ಓಣಿಯ ಕಿಟಕಿಯನ್ನು ಪೂರ್ತಿ ತೆರೆದಿದ್ದಳು. ಸಾಸಿವೆ ಸಿಡಿದ ಸದ್ದು, ಮೆಣಸಿನಕಾಯಿಯ ಘಾಟು, ಎರಡೂ ಬೀದಿಗೆ ಹೋದವು. ಅಂದಿನಿಂದ ದಿನಕ್ಕೆ ಎರಡು ಹೊತ್ತು, ತಪ್ಪದೆ, ನಮ್ಮ ಮನೆಯಿಂದ ಒಗ್ಗರಣೆಯ ಘಾಟು ಬರುತ್ತಲೇ ಇತ್ತು. ಮಾತನಾಡಿಸಲು ಬಂದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಕಾಲಿಟ್ಟು, ಆ ಘಾಟಿಗೆ ಕೆಮ್ಮಿ, ಏನು ಹೇಳಬೇಕೆಂದು ತೋಚದೆ ಹಿಂತಿರುಗುತ್ತಿದ್ದರು. ಅಮ್ಮ ಎಂದಿನಂತೆ ಹಣೆಗೆ ಕುಂಕುಮ ಇಟ್ಟಳು, ಸಂಜೆ ಮಲ್ಲಿಗೆ ಮುಡಿದಳು. ಆದರೆ ತಲೆಗೆ ಮಾತ್ರ ನೀರು ಹಾಕಿಕೊಳ್ಳಲಿಲ್ಲ. ಬೀದಿಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ನನಗೆ ಕೇಳಿಸುವಂತೆಯೇ ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು:

"ಗಂಡ ನೀರು ಪಾಲಾಗವ್ನೆ, ಇವಳು ಸಾಸಿವೆ ಸಿಡಿಸ್ಕಂಡು ಕೂತವ್ಳೆ. ಓದ್ದೋರ ಮನೆ ಕಣಮ್ಮ, ಕೇಳಂಗಿಲ್ಲ."

ಮನೆಯೊಳಗೆ ಅಜ್ಜಿ ನಡುಮನೆಯ ಮೂಲೆಯಲ್ಲಿ ಕಂಬಳಿಯ ಮೇಲೆ ಕುಳಿತಿರುತ್ತಿದ್ದಳು. ಅಮ್ಮ ಮಾಡಿದ್ದನ್ನು ಮುಟ್ಟುತ್ತಿರಲಿಲ್ಲ. ಚಿಕ್ಕಪ್ಪ ಹೊರಗಿನಿಂದ ತಂದುಕೊಡುತ್ತಿದ್ದ ಬಾಳೆಹಣ್ಣು, ಹಾಲು, ಅಷ್ಟೇ ಅವಳ ಆಹಾರ. ಅಡುಗೆಮನೆಗೂ ನಡುಮನೆಗೂ ನಡುವೆ ಇದ್ದದ್ದು ಒಂದು ಹೊಸಿಲು. ಅದನ್ನು ದಾಟಿ ಆ ಇಬ್ಬರ ನಡುವೆ ಒಂದು ಮಾತೂ ಹೋಗುತ್ತಿರಲಿಲ್ಲ. ನಾನು ಅಮ್ಮನ ಬಳಿ ಕುಳಿತಾಗ ಅಪ್ಪ ಬದುಕಿದ್ದರು. ಅಜ್ಜಿಯ ಬಳಿ ಕುಳಿತಾಗ ಇರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಹೊಸಿಲಿನ ಮೇಲೆ ನಿಂತುಬಿಡುವ ಅಭ್ಯಾಸ ನನಗಾಯಿತು. ಯಾರಾದರೂ ಒಂದು ಮಾತು ಹೇಳಿದರೆ ಅದರ ಕರ್ತೃ ಯಾರು, ಕ್ರಿಯೆ ಯಾವುದು ಎಂದು ಬಿಡಿಸಿ ನೋಡದೆ ಒಪ್ಪದ ನನ್ನ ಸ್ವಭಾವ ಅಲ್ಲಿ ನಿಂತೇ ಬೆಳೆದದ್ದು.

ಆ ನಡುವೆ ಕುಣಿಗಲ್ಲಿನಿಂದ ಸೋದರಮಾವ ಬಂದರು. ಅವರು ಅಮ್ಮನ ಅಣ್ಣ. ಬಟ್ಟೆ ಸುತ್ತಿದ ದೊಡ್ಡ ಹಿತ್ತಾಳೆಯ ಪಾತ್ರೆಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಸೂತಕದ ಮನೆಗೆ ಹೆಣ್ಣಿನ ತವರಿನವರು ಅನ್ನ ತರಬೇಕೆಂಬುದು ರೂಢಿ. ಅಮ್ಮ ಪಾತ್ರೆಯನ್ನು ನೋಡಿದಳು. ತವರಿನವರೂ ತಲೆಗೆ ನೀರು ಹಾಕಿಕೊಂಡರು ಎಂಬುದು ಅವಳಿಗೆ ತಿಳಿದದ್ದು ಆ ಕ್ಷಣದಲ್ಲಿಯೇ ಇರಬೇಕು. ಅವಳ ಮುಖ ಕಳೆಗುಂದಿತು. ಆದರೂ ಬಾಗಿಲಿನಿಂದ ಪಕ್ಕಕ್ಕೆ ಸರಿಯಲಿಲ್ಲ.

"ಅಣ್ಣ, ನೀನು ಒಳಗೆ ಬಾ. ಈ ಪಾತ್ರೆ ಬರೋದು ಬೇಡ."

"ಅವ್ವ ಕಳಿಸೌಳೆ ಗಿರಿಜಿ. ಅಷ್ಟು ದೂರದಿಂದ ತಂದಿವ್ನಿ."

"ಅವ್ವಂಗೆ ಹೇಳು, ನಮ್ಮನೇಲಿ ಒಲೆ ಉರೀತಾ ಇದೆ ಅಂತ."

ಮಾವ ಪಾತ್ರೆಯನ್ನು ಬೀದಿಯ ಕಟ್ಟೆಯ ಮೇಲಿಟ್ಟು ಒಳಗೆ ಬಂದರು, ಅಮ್ಮ ಕೊಟ್ಟ ಕಾಫಿ ಕುಡಿದರು, ಅಜ್ಜಿಯೊಡನೆ ತಗ್ಗಿದ ದನಿಯಲ್ಲಿ ಏನೋ ಮಾತನಾಡಿದರು. ಹೋಗುವಾಗ ತಂಗಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಒಂದಷ್ಟು ದಿನ ಬಿಟ್ಟು ತಾವೇ ಕರೆದೊಯ್ಯುತ್ತೇವೆ ಎಂದು ಚಿಕ್ಕಪ್ಪನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಅಮ್ಮನಿಗೂ ಕೇಳಿಸಿತು. ಅವಳು ಕಾಫಿಯ ಲೋಟವನ್ನು ತೊಳೆದು ಬೋರಲು ಹಾಕಿದಳು.

ಅದರ ಮರುದಿನವೇ ಇರಬೇಕು, ಅಜ್ಜಿ ನನ್ನನ್ನು ಬಚ್ಚಲಿಗೆ ಕರೆದಳು. ಹಂಡೆಯಲ್ಲಿ ನೀರು ಕಾದಿತ್ತು. ಅವಳು ಮೆಲ್ಲನೆ ನನ್ನ ಜಡೆ ಬಿಚ್ಚಿದಳು, ಕೈಹಿಡಿದು ಬಚ್ಚಲ ಕಲ್ಲಿನ ಮೇಲೆ ಕೂರಿಸಿದಳು. ಅವಳಲ್ಲಿ ಸಿಟ್ಟಿನ ಲವಲೇಶವೂ ಇರಲಿಲ್ಲ. ಚೊಂಬಿನಲ್ಲಿ ನೀರು ತುಂಬಿಕೊಂಡು, ಅದು ಬಿಸಿಯಾಗಿದೆಯೇ ಎಂದು ತನ್ನ ಮುಂಗೈ ಮೇಲೆ ಹಾಕಿ ನೋಡಿಕೊಂಡಳು. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು. ಇಷ್ಟು ದಿನದ ಬಳಿಕ ಅವರು ಮುಖಾಮುಖಿ ಆಡಿದ ಮಾತು ಇದು:

"ಅತ್ತೆ, ಮೈಗೆ ಹಾಕಿ, ಬೇಡ ಅನ್ನಲ್ಲ. ತಲೆಗೆ ಹಾಕ್ಬೇಡಿ."

"ನೀನು ಕಲ್ಲು ಕಣೇ ಗಿರಿಜಾ. ನನ್ನ ಮಗ ಉಪ್ಪು ನೀರಲ್ಲಿ ಬಿದ್ದವ್ನೆ. ನಮ್ಮನೆ ಸಿಹಿನೀರು ಒಂದು ಚೊಂಬು ಅವನ ಹೆಸರಲ್ಲಿ ಬೀಳ್ಬಾರ್ದಾ? ನೀನು ಹಾಕ್ಕೊಳಲ್ಲ, ಬುಡು. ಅವನು ಹುಟ್ಟಿಸಿದ ಮಗು ಹಾಕ್ಕೊಂಡ್ರೆ ಅವನಿಗೆ ಮುಟ್ತದೆ. ಬಾಯಾರಿ ಅಲೀತಾನಲ್ಲೇ ಅವನು."

"ಅವ್ರು ಇದಾರೋ ಇಲ್ವೋ ನಂಗೂ ಗೊತ್ತಿಲ್ಲ ಅತ್ತೆ. ಗೊತ್ತಾಗೋಕ್ ಮುಂಚೆ ಹೆಸರೇಳಿ ನೀರು ಬಿಟ್ರೆ, ಅವ್ರನ್ನ ನಾವೇ ಮುಳುಗಿಸ್ದಂಗೆ."

ಅಜ್ಜಿಯ ಕೈ ನನ್ನ ತಲೆಯ ಮೇಲೆಯೇ ನಿಂತಿತು. ಚೊಂಬು ಓರೆಯಾಗಿ ನೀರು ನನ್ನ ಕಾಲಿನ ಮೇಲೆ ಬಿತ್ತು. ಅವಳು ಚೊಂಬನ್ನು ಹಂಡೆಯ ಅಂಚಿನ ಮೇಲಿಟ್ಟು, ನನ್ನ ಪಕ್ಕದಲ್ಲಿಯೇ ನೆಲಕ್ಕೆ ಕುಸಿದು ಕುಳಿತಳು. ಅಮ್ಮ ಬಂದು ನನ್ನನ್ನು ಎಬ್ಬಿಸುವಳೆಂದು ನಾನು ಕಾದೆ. ಅವಳು ಬರಲಿಲ್ಲ. ತನಗೂ ಗೊತ್ತಿಲ್ಲವೆಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಆ ಮಾತು ಅವಳನ್ನೇ ಹಿಡಿದುಕೊಂಡಿತು. ಆಮೇಲೆ ಅಡುಗೆಗೆ ಹೋದವಳು ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದಳು. ಸಾಸಿವೆ ಸಿಡಿಯದೆ ತಣ್ಣಗೆ ಎಣ್ಣೆಯ ತಳದಲ್ಲಿ ಕುಳಿತಿತು. ಅಮ್ಮ ಸೌಟು ಹಿಡಿದು ಅದನ್ನೇ ನೋಡುತ್ತ ನಿಂತಳು. ಆ ದಿನಗಳಲ್ಲೆಲ್ಲ ನನಗೆ ನಿಜವಾಗಿ ಭಯವಾದದ್ದು ಆಗ.

ಮಹದೇವಪ್ಪನವರು ಚಪ್ಪಲಿ ಕೂಡ ಮೆಟ್ಟದೆ ಬೀದಿ ದಾಟಿ ಬಂದದ್ದು ಇನ್ನೊಂದು ಮಧ್ಯಾಹ್ನ. ಲೈನಿನಲ್ಲಿ ಅವರೇ ಇದ್ದಾರೆ, ಬೇಗ ಬನ್ನಿ ಎಂದಷ್ಟೇ ಹೇಳಿದರು. ‘ಅವರು’ ಎಂದರೆ ಯಾರೆಂದು ಅಮ್ಮ ಕೇಳಲಿಲ್ಲ; ಕೇಳಲು ಧೈರ್ಯವಿರಲಿಲ್ಲವೆಂದು ಈಗ ಅನ್ನಿಸುತ್ತದೆ. ನಾನು ಅವಳ ಸೆರಗು ಹಿಡಿದು ಹಿಂದೆಯೇ ಓಡಿದೆ. ಕೊಬ್ಬರಿಯ ಜಿಡ್ಡು ವಾಸನೆಯ ನಡುವೆ, ಮೂಟೆಗಳನ್ನು ಒಟ್ಟಿದ್ದ ಮಂಡಿಯ ಮೇಜಿನ ಮುಂದೆ, ಅಮ್ಮ ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತಳು. ಆ ಕಡೆಯ ದನಿ ಹಲೋ ಹಲೋ ಎಂದು ಕೂಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಅದು ಅಪ್ಪನ ದನಿ. ಅಮ್ಮ ಕೊನೆಗೆ ಊಟ ಆಯಿತೇ ಎಂದು ಕೇಳಿದಳು. ಆಮೇಲೆ ಅವಳ ಕಡೆಯಿಂದ ಹೂಂಗುಟ್ಟುವಿಕೆ ಮಾತ್ರ. ಹೊರಡುವ ಹೊತ್ತಿಗೆ ಇದ್ದಕ್ಕಿದ್ದಂತೆ ಆಜ್ಞೆ ಬಂದು ಹಡಗನ್ನು ಸಮುದ್ರಕ್ಕೆ ಒಯ್ದು ಮುಳುಗಿಸಬೇಕಾಯಿತು, ಆದ್ದರಿಂದ ಬರಲಾಗುವುದಿಲ್ಲವೆಂದು ದಡದಲ್ಲಿದ್ದ ಗೆಳೆಯನಿಂದ ಫೋನ್ ಮಾಡಿಸಿದ್ದೆ, ಸುದ್ದಿ ಮುಟ್ಟಿತಷ್ಟೇ ಎಂದು ಅಪ್ಪ ವಿಚಾರಿಸಿದರಂತೆ. ತಾತನ ಎಡೆಯನ್ನು ಯಾರು ಇಟ್ಟರೆಂದೂ ಕೇಳಿದರಂತೆ. ಅದಕ್ಕೆ ಅಮ್ಮ ಕೊಟ್ಟ ಉತ್ತರ ನಾನೇ ಕಿವಿಯಾರೆ ಕೇಳಿದ್ದು:

"ಅತ್ತೆ ಎಲ್ಲಾ ನೋಡ್ಕೊಂಡ್ರು."

ಫೋನ್ ಇಟ್ಟ ಮೇಲೆ ಅವಳು ಮೂಟೆಯ ಮೇಲೆ ಕುಳಿತು ನೀರು ಕೇಳಿದಳು. ಮಹದೇವಪ್ಪನವರು ತಾವೇ ತಂದುಕೊಟ್ಟು, ತಪ್ಪಾಯಿತು ತಾಯಿ ಎಂದು ಎರಡು ಮೂರು ಬಾರಿ ಹೇಳಿದರು. ಯಜಮಾನರಿಗೆ ಇದನ್ನೆಲ್ಲ ಹೇಳಬೇಡಿ ಎಂಬುದೊಂದೇ ಅಮ್ಮ ಅವರಿಗೆ ಹೇಳಿದ ಮಾತು.

ಮಗ ಬದುಕಿದ್ದಾನೆಂದು ಕೇಳಿದ ಅಜ್ಜಿ ಹಿಗ್ಗಲಿಲ್ಲ. ಮೂಲೆಯ ಕಂಬಳಿಯ ಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ಚಿಕ್ಕಪ್ಪ ಮಗುವಿನಂತೆ ಅತ್ತರು. ಬದುಕಿರುವವನ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡರೆ ಅವನ ಆಯುಸ್ಸು ಕುಗ್ಗುತ್ತದೆ ಎಂಬುದು ಅಜ್ಜಿಯ ನಂಬಿಕೆ. ಹೆತ್ತ ತಾಯಿಯಾಗಿ ಎಲ್ಲರಿಗಿಂತ ಮೊದಲು ಹಾಗೆ ಮಾಡಿದವಳು ತಾನೇ. ಸಂಜೆಯ ಹೊತ್ತಿಗೆ ಅವಳು ಸೀರೆಗಳನ್ನು ಗಂಟು ಕಟ್ಟಿಕೊಂಡು ಗುಬ್ಬಿಗೆ ಹೊರಟು ನಿಂತಳು.

"ಅವನ ಮುಖ ನೋಡೋ ಮೊಕ ನಂಗಿಲ್ಲ. ನೀನು ಹೇಳೇ ಹೇಳ್ತೀಯ. ಹೇಳು, ತಪ್ಪಿಲ್ಲ. ನಾನು ಇರಾಕಿಲ್ಲ."

ರಜೆಗೆ ಬಂದ ಮಗ ತಾಯಿ ಎಲ್ಲಿ ಎಂದರೆ ತಾನೇನು ಹೇಳಬೇಕು ಎಂದು ಅಮ್ಮ ಕೇಳಿದಳು. ಗಂಟು ಬಾಗಿಲ ಬಳಿಯೇ ಉಳಿಯಿತು, ಅಜ್ಜಿಯೂ ಉಳಿದಳು. ಆದರೆ ನಡೆದದ್ದನ್ನು ಅಪ್ಪನಿಗೆ ಹೇಳುತ್ತಾಳೋ ಇಲ್ಲವೋ ಎಂಬುದನ್ನು ಅಮ್ಮ ಯಾರಿಗೂ ತಿಳಿಸಲಿಲ್ಲ. ಒಗ್ಗರಣೆಯ ಘಾಟಿಗೆ ಕೆಮ್ಮಿದ ಬೀದಿ, ಕಲ್ಲು ಎಂದು ಕರೆದ ಅತ್ತೆ, ಹುಚ್ಚಿಯೆಂದು ಬಗೆದ ತವರು. ಹೇಳಲು ಅವಳಿಗೆ ಬೇಕಾದಷ್ಟಿತ್ತು.

ಅಪ್ಪ ಬಂದರು. ಬಿಸಿಲು ಕಾಣದೆ ಬಿಳಿಚಿಕೊಂಡಿದ್ದರು, ಗಡ್ಡ ಬೆಳೆದಿತ್ತು, ಎಂದಿನ ಡೀಸೆಲ್ ವಾಸನೆ. ನಮಸ್ಕರಿಸಲು ಬಗ್ಗಿದಾಗ ಅಜ್ಜಿ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಮಧ್ಯಾಹ್ನ ಅಪ್ಪ, ಚಿಕ್ಕಪ್ಪ ಮತ್ತು ನಾನು ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕುಳಿತೆವು. ಅಮ್ಮ ಬಡಿಸುತ್ತಿದ್ದಳು. ಮಗ ಬಂದಾಗಲೆಲ್ಲ ಮೊದಲ ತುತ್ತಿಗೆ ತಾನೇ ತುಪ್ಪ ಹಾಕುತ್ತಿದ್ದ ಅಜ್ಜಿ ಈಗ ಅಡುಗೆಮನೆಯ ಬಾಗಿಲಿಗೆ ಆತು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು.

"ಏನವ್ವ, ನನ್ನ ಮುಖಾನೇ ನೋಡ್ತಿಲ್ಲ ನೀನು. ಏನಾಯ್ತು ಇಲ್ಲಿ?"

ಚಿಕ್ಕಪ್ಪ ಎಲೆಯಿಂದ ಕಣ್ಣೆತ್ತಲಿಲ್ಲ. ಅಪ್ಪ ಅಮ್ಮನ ಕಡೆ ತಿರುಗಿದರು. ಅಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

"ಏನಿಲ್ಲ. ಅತ್ತೆಗೆ ಸಮುದ್ರ ನೋಡ್ಬೇಕಂತೆ. ನಿಮ್ಮನ್ನ ಕೇಳಕ್ಕೆ ನಾಚ್ಕೋತಾವ್ರೆ."

ಅಪ್ಪ ಜೋರಾಗಿ ನಕ್ಕುಬಿಟ್ಟರು. ಇಷ್ಟಕ್ಕೇನಾ ಈ ಮುಖ, ಮುಂದಿನ ಸಲ ತಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಅಜ್ಜಿ ಗೋಡೆಯಿಂದ ನಿಧಾನವಾಗಿ ಮುಖ ತಿರುಗಿಸಿದಳು. ಅವಳು ನೋಡಿದ್ದು ಮಗನ ಕಡೆಗಲ್ಲ, ಸೊಸೆಯ ಕಡೆಗೆ.

"ಹೂಂ ಕಣಪ್ಪ. ನೀನು ಎಲ್ಲಿ ಇಳೀತೀಯ, ಎಲ್ಲಿ ಏಳ್ತೀಯ, ಒಂದ್ಸಲ ಕಣ್ಣಲ್ಲಿ ನೋಡ್ಬೇಕು."

ಆಮೇಲೆ ಅವಳು ಮುಂದೆ ಬಂದು ಇನ್ನೊಂದು ಬಾಳೆಯೆಲೆ ತೆಗೆದುಕೊಂಡು, ಅಪ್ಪನ ಪಕ್ಕದಲ್ಲಿ ಹಾಸಿ, ಅಂಗೈಯಿಂದ ನೀರು ಚಿಮುಕಿಸಿ ಒರೆಸಿದಳು. ಅಮ್ಮ ಗಂಡನ ಜೊತೆ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತದ್ದನ್ನು ಅಜ್ಜಿಯಿದ್ದ ಮನೆಯಲ್ಲಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಗಿರಿಜಾ, ನೀನೂ ಕೂತ್ಕೋ. ನಾನು ಬಡಿಸ್ತೀನಿ."